ಕಾಯಿಲೆ ಇಲ್ಲದವರ ಹದಿನಾಲ್ಕು ದಿನ

2020ರ ಫೆಬ್ರುವರಿ 29ರಂದು ಸೌದಿ ಅರೇಬಿಯಾದಿಂದ ಹೈದರಾಬಾದಿಗೆ ಬಂದಿಳಿದು ಕಲಬುರಗಿಗೆ ಮರಳಿದ 76 ವರ್ಷದ ಹಿರಿಯರೊಬ್ಬರಿಗೆ ಆ ದಿನ ಜ್ವರವಿರಲಿಲ್ಲ, ಕೆಮ್ಮೂ ಇರಲಿಲ್ಲ. ಸೌದಿಯಲ್ಲಿ ಮೊದಲ ಕೋವಿಡ್ ಪ್ರಕರಣ ಪತ್ತೆಯಾದದ್ದೇ ಮಾರ್ಚ್ 2ರಂದು. ಅಂದರೆ ಅವರು ವಿಮಾನ ಹತ್ತಿದಾಗ ಅಲ್ಲಿಂದ ಬರುವವರ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಮಾರ್ಚ್ 6ರ ಹೊತ್ತಿಗೆ ಲಕ್ಷಣಗಳು ಶುರುವಾದವು. ವೈದ್ಯರೊಬ್ಬರು ಮನೆಗೇ ಬಂದು ನೋಡಿದರು. 9ರಂದು ನಗರದ ಖಾಸಗಿ ಆಸ್ಪತ್ರೆಗೆ ಸೇರಿಸಲಾಯಿತು. ಗಂಟಲ ದ್ರವದ ಮಾದರಿ ಬೆಂಗಳೂರಿಗೆ ಹೋಯಿತು, ವರದಿ ಬರುವ ಮುನ್ನವೇ ರೋಗಿಯನ್ನು ಹೈದರಾಬಾದಿಗೆ ಒಯ್ಯಲಾಯಿತು. ಅಲ್ಲಿಂದ ಮರಳುವ ದಾರಿಯಲ್ಲಿ, ಮಾರ್ಚ್ 10ರಂದು, ಅವರು ತೀರಿಕೊಂಡರು. 12ರಂದು ವರದಿ ಬಂದಾಗ ಅದು ಭಾರತದ ಮೊದಲ ಕೋವಿಡ್ ಸಾವು ಎಂದು ದಾಖಲಾಯಿತು. ಆಮೇಲೆ ಅವರ ಮನೆಯವರೊಬ್ಬರಿಗೂ ಮನೆಗೆ ಬಂದು ನೋಡಿದ ವೈದ್ಯರಿಗೂ ಸೋಂಕು ಕಂಡುಬಂತು. ಈ ಪ್ರಕರಣವನ್ನು ಕುರಿತು ಆಗ ನಡೆದ ಚರ್ಚೆಯೆಲ್ಲ 9 ಮತ್ತು 10ನೇ ತಾರೀಖಿನ ಸುತ್ತಲೇ ಇತ್ತು: ಯಾವ ಆಸ್ಪತ್ರೆ, ಯಾರು ಬಿಟ್ಟರು, ಯಾರು ಒಯ್ದರು. ಆದರೆ ಕ್ವಾರಂಟೈನ್ ಎಂಬ ಮಾತಿಗೆ ಸಂಬಂಧಪಟ್ಟ ಕಾಲ ಅದಲ್ಲ. ಅದಕ್ಕೆ ಸಂಬಂಧಪಟ್ಟದ್ದು ಫೆಬ್ರುವರಿ 29ರಿಂದ ಮಾರ್ಚ್ 6ರವರೆಗಿನ ವಾರ, ಮನುಷ್ಯ ಆರೋಗ್ಯವಾಗಿಯೇ ಇದ್ದು, ಮನೆಯಲ್ಲಿ ಉಂಡು, ನೆಂಟರಿಷ್ಟರೊಡನೆ ಮಾತಾಡಿಕೊಂಡಿದ್ದ ಆ ವಾರ.

ವೈದ್ಯಶಾಸ್ತ್ರದಲ್ಲಿ ಈ ಮಾತಿನ ಅರ್ಥ ಕಿರಿದು, ಖಚಿತ. ಸೋಂಕು ತಗುಲಿರಬಹುದಾದ, ಆದರೆ ಕಾಯಿಲೆ ಕಾಣಿಸದ ವ್ಯಕ್ತಿಯನ್ನು, ಕಾಯಿಲೆ ಕಾಣಿಸಿಕೊಳ್ಳಲು ಬೇಕಾದಷ್ಟು ದಿನ ಇತರರಿಂದ ದೂರ ಇರಿಸಿ ಗಮನಿಸುವುದು ಕ್ವಾರಂಟೈನ್. ಕಾಯಿಲೆ ಬಂದದ್ದು ಖಚಿತವಾದವರನ್ನು ಬೇರೆಯಿಟ್ಟು ಚಿಕಿತ್ಸೆ ಕೊಡುವುದು ಐಸೊಲೇಷನ್. ಒಂದು ಓಣಿಯನ್ನೋ ಊರನ್ನೋ ಸುತ್ತುಗಟ್ಟಿ ಓಡಾಟ ನಿಲ್ಲಿಸುವುದು ಮೂರನೆಯ ಕ್ರಮ. ಸರ್ಕಾರಿ ಕಡತದಲ್ಲಿ ಅದು ಕಂಟೈನ್‌ಮೆಂಟ್ ವಲಯ, ಕರ್ನಾಟಕದ ಜನರ ಬಾಯಲ್ಲಿ ಸೀಲ್‌ಡೌನ್. ಮೂರಕ್ಕೂ ಗುರಿ ಬೇರೆ, ವಿಧಾನ ಬೇರೆ, ಮುಗಿಯುವ ದಿನವೂ ಬೇರೆ. 2020ರ ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಈ ಮೂರೂ ಒಂದೇ ಮಾತಿನೊಳಗೆ ಸೇರಿಹೋದವು. ಆಸ್ಪತ್ರೆಗೆ ಸೇರಿದವನೂ ಕ್ವಾರಂಟೈನ್, ತಗಡು ಬಡಿದ ಓಣಿಯೂ ಕ್ವಾರಂಟೈನ್, ಮುಂಬೈಯಿಂದ ಬಂದು ಶಾಲೆಯಲ್ಲಿ ತಂಗಿದವನೂ ಕ್ವಾರಂಟೈನ್. ಅದರ ಜೊತೆಗೆ ಬಳಕೆಯಾದ ಕ್ರಿಯಾಪದಗಳನ್ನು ಗಮನಿಸಬೇಕು. ‘ಅಂವಗ ಕ್ವಾರಂಟೈನ್ ಹಾಕ್ಯಾರ’, ‘ಸಾಲ್ಯಾಗ ಇಟ್ಟಾರ’, ‘ಹಿಡದು ಒಯ್ದಾರ’. ಜೈಲಿಗೆ ಹಾಕುವುದಕ್ಕೂ ಕಳ್ಳನನ್ನು ಹಿಡಿದೊಯ್ಯುವುದಕ್ಕೂ ನಾವು ಆಡುವ ಪದಗಳಿವು. ‘ನಾನು ಕ್ವಾರಂಟೈನ್ ಇದೀನಿ’ ಎಂದು ತಾನೇ ಹೇಳಿಕೊಳ್ಳುತ್ತಿದ್ದವರು ಹೆಚ್ಚಾಗಿ ಪ್ರತ್ಯೇಕ ಕೋಣೆಯುಳ್ಳ ಮನೆಯವರು. ಭಾಷೆ ಇಲ್ಲಿ ತಪ್ಪು ಮಾಡಲಿಲ್ಲ, ತಾನು ಕಂಡದ್ದನ್ನು ಸರಿಯಾಗಿಯೇ ದಾಖಲಿಸಿತು. ಒಬ್ಬ ಆರೋಗ್ಯವಂತ ತನ್ನ ಸುತ್ತಲಿನವರಿಗಾಗಿ ಕೆಲವು ದಿನ ಬಿಟ್ಟುಕೊಡುವ ಕ್ರಮವಾಗಬೇಕಿದ್ದದ್ದು ಶಿಕ್ಷೆಯ ರೂಪ ತಳೆದದ್ದರಿಂದಲೇ ಮಾತಿಗೂ ಆ ಬಣ್ಣ ಬಂತು. ಹಾಗೆ ಬಣ್ಣ ಬದಲಾದಾಗ ಕ್ರಮದ ವೈದ್ಯಕೀಯ ಪ್ರಯೋಜನವೂ ಸೋರಿಹೋಯಿತು ಎಂಬುದು ಈ ಲೇಖನದ ವಾದ.

ಮೊದಲು ದಿನಗಳ ಲೆಕ್ಕ. ಆಡ್ರಿಯಾಟಿಕ್ ತೀರದ ರಗೂಸಾ, ಇಂದಿನ ದುಬ್ರೊವ್ನಿಕ್, 1377ರಲ್ಲಿ ಪ್ಲೇಗ್ ಇದ್ದ ನಾಡುಗಳಿಂದ ಬರುವವರು ಒಂದು ತಿಂಗಳು ಹೊರಗೆ ಕಳೆದೇ ಪಟ್ಟಣ ಪ್ರವೇಶಿಸಬೇಕು ಎಂದು ಕಾನೂನು ಮಾಡಿತು. ಮುಂದೆ ವೆನಿಸ್ ಮುಂತಾದೆಡೆ ಅದು ನಲವತ್ತು ದಿನವಾಯಿತು, ಮಾತು ಹುಟ್ಟಿದ್ದು ಆ ನಲವತ್ತರಿಂದಲೇ. ಆಗ ಸಂಖ್ಯೆಯನ್ನು ನಿಶ್ಚಯಿಸಿದ್ದು ಧರ್ಮ ಮತ್ತು ರೂಢಿ. ಇಂದು ಅದನ್ನು ನಿಶ್ಚಯಿಸುವುದು ರೋಗಾಣು. ಮೊದಲ ವರ್ಷದ ಕೊರೊನಾ ವೈರಸ್ ದೇಹ ಹೊಕ್ಕ ಮೇಲೆ ಸಾಮಾನ್ಯವಾಗಿ ಐದು ದಿನದ ಹೊತ್ತಿಗೆ ಲಕ್ಷಣ ತೋರುತ್ತಿತ್ತು. ಲಕ್ಷಣ ಬರುವವರಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಮಂದಿಗೆ ಹನ್ನೊಂದೂವರೆ ದಿನದೊಳಗೆ ಬಂದುಬಿಡುತ್ತಿತ್ತು. ಹದಿನಾಲ್ಕು ದಿನ ಎಂಬುದು ಈ ಲೆಕ್ಕಕ್ಕೆ ಒಂದಿಷ್ಟು ಅಂಚು ಸೇರಿಸಿದ್ದು. ಹಳದಿ ಜ್ವರದ ದೇಶಗಳಿಂದ ಲಸಿಕೆಯಿಲ್ಲದೆ ಬಂದವರಿಗೆ ಭಾರತ ಆರು ದಿನ ವಿಧಿಸುತ್ತದೆ. ಕೇರಳದಲ್ಲಿ ನಿಪಾ ಕಾಣಿಸಿಕೊಂಡಾಗ ಸಂಪರ್ಕದಲ್ಲಿದ್ದವರನ್ನು 21 ದಿನ ಗಮನಿಸಿದರು. ಈ ಅಂಕಿಗಳ ಹಿಂದೆ ಮುಖ್ಯವಾದ ಒಂದು ಸಂಗತಿಯಿದೆ. ಎಣಿಕೆ ಶುರುವಾಗುವುದು ವ್ಯಕ್ತಿ ಕೊನೆಯ ಬಾರಿ ಸೋಂಕಿಗೆ ಒಡ್ಡಿಕೊಂಡ ದಿನದಿಂದ, ಬಾಗಿಲು ಮುಚ್ಚಿದ ದಿನದಿಂದಲ್ಲ. ಬಾಗಿಲು ಮುಚ್ಚಿದ ಕೋಣೆಯೊಳಗೇ ಮತ್ತೆ ಸೋಂಕಿಗೆ ಒಡ್ಡಿಕೊಂಡರೆ ಎಣಿಕೆ ಮೊದಲಿನಿಂದ ಶುರುವಾಗಬೇಕು.

ಹೀಗೆ ರೋಗಾಣುವೇ ಕ್ರಮವನ್ನು ನಿರ್ಧರಿಸುವುದರಿಂದ ಎಲ್ಲ ರೋಗಕ್ಕೂ ಕ್ವಾರಂಟೈನ್ ಸಲ್ಲುವುದಿಲ್ಲ. ನಮ್ಮ ನಾಡಿನ ನೆನಪಿನಲ್ಲಿರುವ ದೊಡ್ಡ ಪಿಡುಗೆಂದರೆ ಪ್ಲೇಗು. 1896ರಲ್ಲಿ ಮುಂಬೈಗೆ ಬಂದ ಅದು ರೈಲಿನ ದಾರಿ ಹಿಡಿದು ಒಳನಾಡಿಗೆ ಹರಡಿತು, 1898ರಲ್ಲಿ ಬೆಂಗಳೂರು ತಲುಪಿತು. ನಿಜಾಮರ ರಾಜ್ಯದ ಗುಲ್ಬರ್ಗಾ, ಅಂದರೆ ಇಂದಿನ ಕಲಬುರಗಿ, ಕೂಡ ಮುಂಬೈ-ಮದ್ರಾಸು ರೈಲುದಾರಿಯ ಮೇಲೇ ಇತ್ತು. ಪ್ಲೇಗು ಬಂತೆಂದರೆ ಕನ್ನಡದ ಹಳ್ಳಿಗಳು ಮಾಡಿದ್ದು ಊರು ಬಿಡುವುದು. ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು, ಇಲಿ ಬೀಳುವುದು ನಿಲ್ಲುವ ತನಕ ಅಲ್ಲೇ ಇರುವುದು. ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರಿಗೆ ಆ ಚಿತ್ರ ಗೊತ್ತು. ವೈದ್ಯಕೀಯವಾಗಿ ಅದು ಸರಿಯಾದ ಕ್ರಮವಾಗಿತ್ತು. ಗಡ್ಡೆ ಪ್ಲೇಗು ಮುಖ್ಯವಾಗಿ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು, ಆದರೂ ಆ ಮಾತನ್ನು ಎಲ್ಲರೂ ಒಪ್ಪಲು ವರ್ಷಗಳೇ ಹಿಡಿದವು. ಇಲಿ ಸತ್ತ ಮನೆಯೊಳಗೆ ಜನರನ್ನು ಕೂಡಿಹಾಕಿದ್ದರೆ ಚಿಗಟಕ್ಕೆ ಆಹಾರ ಒದಗಿಸಿದಂತೆ ಆಗುತ್ತಿತ್ತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಉಣ್ಣೆಯಿಂದ ಬರುವಂಥದ್ದು, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅಲ್ಲಿ ಯಾರನ್ನಾದರೂ ಕ್ವಾರಂಟೈನ್ ಮಾಡಿದರೆ ಪ್ರಯೋಜನ ಶೂನ್ಯ, ಅವಮಾನ ಮಾತ್ರ ಪೂರ್ತಿ. ಹೀಗಾಗಿ ಈ ಮಾತನ್ನು ಸಾಮಾನ್ಯ ಎಚ್ಚರಿಕೆಯ ಅರ್ಥದಲ್ಲಿ ಎಲ್ಲೆಡೆ ಹರಡುವುದು ನಿರಪಾಯದ ಸಂಗತಿಯಲ್ಲ. ಇಂದು ಟಿವಿಯ ಸುದ್ದಿಯಲ್ಲಿ ಯಾವ ಜ್ವರ ಬಂದರೂ ಮೊದಲು ಕೇಳಿಬರುವುದು ಇದೇ ಮಾತು.

ಪ್ಲೇಗಿನ ಕಾಲ ನಮಗೆ ಇನ್ನೊಂದು ಬಳುವಳಿ ಕೊಟ್ಟಿತು: 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಆ ಕಾಯ್ದೆಯ ಬಲದಲ್ಲಿ ಪುಣೆಯ ಮನೆಮನೆಗೆ ಸೈನಿಕರು ನುಗ್ಗಿ ತಪಾಸಣೆ ಮಾಡಿದ ರೀತಿಗೆ ಜನ ಎಷ್ಟು ರೋಸಿದರೆಂದರೆ, ಅದೇ ವರ್ಷ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟಿಗೆ ಗುರಿಯಾದ. ದೊರೆತನ ಬದಲಾಯಿತು, ಕಾಯ್ದೆ ಉಳಿಯಿತು. 2020ರ ಮಾರ್ಚ್ 11ರಂದು ಕರ್ನಾಟಕ ಕೋವಿಡ್ ನಿಯಮಾವಳಿ ಹೊರಡಿಸಿದ್ದು ಅದೇ ಕಾಯ್ದೆಯಡಿ. ಭಾರತೀಯ ದಂಡ ಸಂಹಿತೆಯ 271ನೇ ಕಲಂ ಕ್ವಾರಂಟೈನ್ ನಿಯಮ ಮುರಿಯುವುದನ್ನು ಅಪರಾಧವೆಂದಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 273ನೇ ಕಲಮಾಗಿ ಮುಂದುವರಿದಿದೆ. ಹೀಗೆ ನಮ್ಮಲ್ಲಿ ಈ ಮಾತು ವೈದ್ಯನ ಬಾಯಿಗಿಂತ ಮೊದಲು ಪೊಲೀಸನ ಬಾಯಿಂದ ಕಿವಿಗೆ ಬಿತ್ತು. ಆರಂಭದ ವಾರಗಳ ವಿಧಾನಗಳೂ ಆ ಛಾಯೆಯನ್ನೇ ಗಾಢಗೊಳಿಸಿದವು. ಮನೆಯಲ್ಲಿರಬೇಕಾದವರ ಕೈಗೆ ಮುದ್ರೆ ಒತ್ತಿದರು, ಅದಕ್ಕೆ ಮತದಾನದ ಅಳಿಸಲಾಗದ ಶಾಯಿ ಬಳಸಲು ಚುನಾವಣಾ ಆಯೋಗ ಒಪ್ಪಿತು. ಬಾಗಿಲಿಗೆ ಚೀಟಿ ಅಂಟಿಸಿದರು. ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಆ್ಯಪ್ ಮೂಲಕ ಆದೇಶಿಸಿತು. ಬಾಗಿಲ ಚೀಟಿಯ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿ, 2020ರ ಡಿಸೆಂಬರಿನಲ್ಲಿ ನ್ಯಾಯಾಲಯ, ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಧಿಕಾರಿಗಳು ನಿರ್ದಿಷ್ಟವಾಗಿ ಸೂಚಿಸಿದ ಹೊರತು ರೋಗಿಗಳ ಮನೆಗೆ ಹಾಗೆ ಅಂಟಿಸುವಂತಿಲ್ಲ ಎಂದಿತು.

ಇಷ್ಟು ಹಿನ್ನೆಲೆಯೊಂದಿಗೆ ಕಮಲಾಪುರದ ಕಡೆ ನೋಡೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಈ ಊರು ಹಿಂದೆ ಕಲಬುರಗಿ ತಾಲ್ಲೂಕಿನದೇ ಭಾಗ, ಈಗ ಪ್ರತ್ಯೇಕ ತಾಲ್ಲೂಕು. 2017ರಲ್ಲಿ ತೆರೆದ ಬೀದರ್-ಕಲಬುರಗಿ ರೈಲುಮಾರ್ಗವೂ ಇದರ ಮೂಲಕವೇ ಸಾಗುತ್ತದೆ. ಹೊರಗಿನವರಿಗೆ ಊರು ಗೊತ್ತಿರುವುದು ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯಿಂದ. ಆದರೆ ಸುತ್ತಲಿನ ಹಳ್ಳಿಗಳು ಮತ್ತು ಲಂಬಾಣಿ ತಾಂಡಾಗಳ ಬಾಳು ನಡೆಯುವುದು ಮಳೆ ನಂಬಿದ ತೊಗರಿಯಿಂದ, ತೊಗರಿ ಕೈಕೊಟ್ಟ ತಿಂಗಳುಗಳಲ್ಲಿ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸದಿಂದ. 2020ರ ಮೇ ತಿಂಗಳಲ್ಲಿ, ವಲಸೆ ಕಾರ್ಮಿಕರಿಗೆಂದು ಬಿಟ್ಟ ಶ್ರಮಿಕ ರೈಲುಗಳು ಮುಂಬೈಯಿಂದ ಕಲಬುರಗಿಗೆ ಬರತೊಡಗಿದಾಗ, ಹಿಂದಿರುಗಿದ ಈ ದುಡಿಯುವ ಜನರನ್ನು ಜಿಲ್ಲೆಯ ಶಾಲೆ, ಹಾಸ್ಟೆಲುಗಳಲ್ಲಿ ತಂಗಿಸಲಾಯಿತು. ಕಡತದಲ್ಲಿ ಇದರ ಹೆಸರು ಸಾಂಸ್ಥಿಕ ಕ್ವಾರಂಟೈನ್. ಆಗ ಮುಂಬೈಯಲ್ಲಿ ಸೋಂಕು ಉರಿಯುತ್ತಿತ್ತು, ಬಂದವರಲ್ಲಿ ಕೆಲವರಿಗೆ ತಗುಲಿರುವುದು ಖಂಡಿತ ಎಂಬ ಊಹೆ ನ್ಯಾಯವಾದದ್ದೇ. ಮುಂದಿನ ವಾರಗಳ ಜಿಲ್ಲಾ ವರದಿಗಳಲ್ಲಿ ಹೊಸ ಪ್ರಕರಣಗಳ ದೊಡ್ಡ ಪಾಲು ಮಹಾರಾಷ್ಟ್ರದಿಂದ ಮರಳಿದವರದ್ದೇ ಆಗಿತ್ತು. ತೊಡಕು ಇದ್ದದ್ದು ಶಾಲೆಯ ಕೋಣೆಯಲ್ಲಿ. ಒಂದೇ ಹಾಲಿನಲ್ಲಿ ಹತ್ತಾರು ಜನ ಮಲಗಿ, ಒಂದೇ ನಲ್ಲಿ, ಒಂದೇ ಶೌಚಾಲಯ ಬಳಸಿದರೆ ಅದು ವೈದ್ಯಕೀಯ ಅರ್ಥದ ಕ್ವಾರಂಟೈನ್ ಆಗುವುದಿಲ್ಲ, ಸೋಂಕಿತ ಒಬ್ಬನೊಡನೆ ಉಳಿದವರನ್ನೆಲ್ಲ ಕೂಡಿಹಾಕಿದ ಹಾಗಾಗುತ್ತದೆ. ಆರನೆಯ ದಿನ ಒಬ್ಬನಿಗೆ ಜ್ವರ ಬಂದರೆ ಉಳಿದವರ ಆರು ದಿನ ವ್ಯರ್ಥ. ಕಮಲಾಪುರದ ಬಾಳೆ ಬೆಳೆಗಾರನಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೊರಗು ರೋಗ ಬಂದ ತೋಟದ ಕಂದನ್ನೂ ಹೊಸ ಕಂದನ್ನೂ ಒಂದೇ ಗುಂಡಿಯಲ್ಲಿ ರಾಶಿ ಹಾಕಿ, ಕಾದು ನೋಡೋಣ ಎನ್ನುವವನನ್ನು ಅವನು ಒಪ್ಪುವುದಿಲ್ಲ.

ಇಂಥ ಎಡವಟ್ಟು ಕಲಬುರಗಿ ಸೀಮೆಗೆ ಮಾತ್ರ ಸೇರಿದ್ದಲ್ಲ. ಅದೇ ವರ್ಷ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ಪ್ರವಾಸಿ ಹಡಗನ್ನು ಕ್ವಾರಂಟೈನಿನಲ್ಲಿ ಇರಿಸಿದಾಗ ಅದರಲ್ಲಿ 3,711 ಜನರಿದ್ದರು, ಏಳುನೂರಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಪ್ರಯಾಣಿಕರು ಅವರವರ ಕೋಣೆಯಲ್ಲಿದ್ದರು. ಅವರಿಗೆ ಊಟ ಒಯ್ಯುತ್ತಿದ್ದ ಸಿಬ್ಬಂದಿ ಮಾತ್ರ ಕೆಳ ಅಂತಸ್ತುಗಳಲ್ಲಿ ಜೊತೆಜೊತೆಗೆ ಮಲಗಿ, ಒಟ್ಟಿಗೆ ಉಣ್ಣುತ್ತಿದ್ದರು. ಆ ಸಿಬ್ಬಂದಿಯಲ್ಲಿ 132 ಮಂದಿ ಭಾರತೀಯರು. ಪ್ರತ್ಯೇಕ ಕೋಣೆ ಪಡೆದವನಿಗೆ ಮಾತಿನ ಪೂರ್ಣ ಅರ್ಥ ದಕ್ಕಿತು, ದುಡಿಯುವವನಿಗೆ ಅದರ ನಿರ್ಬಂಧವಷ್ಟೇ ದಕ್ಕಿತು. ಶ್ರೀಮಂತ ದೇಶದ ಬಂದರಿನಲ್ಲೂ ಕಮಲಾಪುರದ ಕಡೆಯ ಶಾಲೆಯಲ್ಲೂ ಗೆರೆ ಎಳೆದದ್ದು ಒಂದೇ ಜಾಗದಲ್ಲಿ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಜಿಲ್ಲಾಡಳಿತ ಇನ್ನೇನು ಮಾಡಬೇಕಿತ್ತು? ತಾಂಡಾದ ಒಂದಂಕಣದ ಮನೆಗೆ ನೇರವಾಗಿ ಕಳಿಸಿದ್ದರೆ ಮುದುಕರು, ಮಕ್ಕಳು, ಬಾಣಂತಿಯರ ನಡುವೆ ಸೋಂಕು ಹೋಗುತ್ತಿರಲಿಲ್ಲವೆ? ಹೋಗುತ್ತಿತ್ತು. ಆದ್ದರಿಂದ ಮನೆಯ ಹೊರಗೆ ತಂಗಿಸುವ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಕೆಲವೇ ವಾರಗಳಲ್ಲಿ ಸಾವಿರಾರು ಜನರಿಗೆ ನೆಲೆ, ಊಟ ಹೊಂದಿಸಿದ ತಹಸೀಲ್ದಾರರು, ಶಿಕ್ಷಕರು, ಆಶಾ ಕಾರ್ಯಕರ್ತೆಯರ ಶ್ರಮವನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ತೀರ್ಮಾನ ಸರಿಯಾಗಿದ್ದರೂ ಅದು ಫಲಿಸಲು ಷರತ್ತುಗಳಿವೆ: ಒಂದೇ ದಿನ, ಒಂದೇ ವಾಹನದಲ್ಲಿ ಬಂದ ಸಣ್ಣ ಗುಂಪುಗಳನ್ನು ಬೆರೆಸದೆ ಇಡಬೇಕು, ಹಾಸಿಗೆಗಳ ನಡುವೆ ಅಂತರವಿರಬೇಕು, ಕಿಟಕಿ ತೆರೆದಿರಬೇಕು, ಕೆಮ್ಮು ಕಂಡವನನ್ನು ಆ ಗಳಿಗೆಯಲ್ಲೇ ಬೇರೆ ಕೋಣೆಗೆ ಸಾಗಿಸಬೇಕು. ಇವು ದುಬಾರಿ ಯಂತ್ರ ಕೇಳುವ ಕೆಲಸಗಳಲ್ಲ. ಇದ್ದ ಕೋಣೆಗಳನ್ನು ಹೇಗೆ ಹಂಚಬೇಕೆಂದು ಮೊದಲೇ ಯೋಚಿಸಿರುವುದನ್ನು ಕೇಳುತ್ತವೆ. ಕ್ವಾರಂಟೈನ್ ಎಂದರೆ ಒಂದು ಜಾಗ ಎಂದು ತಿಳಿದವನು ಜನರನ್ನು ಅಲ್ಲಿಗೆ ಮುಟ್ಟಿಸಿದೊಡನೆ ಕೆಲಸ ಮುಗಿಯಿತೆಂದುಕೊಳ್ಳುತ್ತಾನೆ. ಅದು ಒಬ್ಬೊಬ್ಬನನ್ನು ದಿನದಿನವೂ ಗಮನಿಸುವ ಕೆಲಸ ಎಂದು ತಿಳಿದವನಿಗೆ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಇದೇ ಕಾರಣಕ್ಕೆ ಅರ್ಥದ ಚರ್ಚೆ ಪಂಡಿತರ ಹಟವಲ್ಲ. ಶಿಕ್ಷೆಯೆಂದು ಹೆಸರಾದ ಕ್ರಮದಿಂದ ಜನ ತಪ್ಪಿಸಿಕೊಳ್ಳಲು ನೋಡುತ್ತಾರೆ: ಚೆಕ್‌ಪೋಸ್ಟ್ ಬಿಟ್ಟು ಹೊಲದ ದಾರಿಯಲ್ಲಿ ಗಡಿ ದಾಟುತ್ತಾರೆ, ಮುಂಬೈಯಿಂದ ಬಂದೆ ಎನ್ನುವ ಬದಲು ಪಕ್ಕದ ಊರಿಂದ ಬಂದೆ ಎನ್ನುತ್ತಾರೆ, ಜ್ವರ ಬಂದರೆ ಮಾತ್ರೆ ನುಂಗಿ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಪ್ರತಿಯೊಂದು ಜ್ವರದೊಂದಿಗೆ ಸಂಪರ್ಕ ಪತ್ತೆಯ ಕೊಂಡಿ ಒಂದೊಂದಾಗಿ ತುಂಡಾಗುತ್ತದೆ.

ಎರಡನೆಯ ಆಕ್ಷೇಪ ಕನ್ನಡದ ಅಭಿಮಾನಿಗಳದು. ಪರದೇಶಿ ಮಾತಾದ್ದರಿಂದ ಜನ ಬೆದರಿದರು, ಕನ್ನಡದ ಪದ ಕೊಟ್ಟಿದ್ದರೆ ತಿಳಿಯುತ್ತಿತ್ತು ಎನ್ನುತ್ತಾರೆ. ಪತ್ರಿಕೆಗಳು ಪ್ರಯತ್ನಿಸದೆ ಇರಲಿಲ್ಲ. ದಿಗ್ಬಂಧನ ಎಂದರು: ಅದರಲ್ಲಿ ಮಂತ್ರವಾದಿಯ ಕಟ್ಟುಪಾಡೂ ಶತ್ರುಸೈನ್ಯದ ಮುತ್ತಿಗೆಯೂ ಇವೆ, ಆರೋಗ್ಯದ ಸುಳಿವಿಲ್ಲ. ಪ್ರತ್ಯೇಕವಾಸ ಎಂದರೆ ಐಸೊಲೇಷನ್‌ಗೂ ಅದೇ ಪದ ಬೇಕಾಗುತ್ತದೆ. ಸಂಪರ್ಕತಡೆ ಇವುಗಳಲ್ಲಿ ಉತ್ತಮ, ಆದರೆ ಅದು ಪ್ರಕಟಣೆಯಿಂದ ಓಣಿಗೆ ಇಳಿಯಲಿಲ್ಲ. ಆಸ್ಪತ್ರೆ, ಠಾಣೆ, ತಹಸೀಲುಗಳನ್ನು ತನ್ನದಾಗಿಸಿಕೊಂಡ ಭಾಷೆಗೆ ಕ್ವಾರಂಟೈನ್ ಭಾರವಾಗುವುದಿಲ್ಲ. ಉರ್ದು, ದಖನಿ, ಮರಾಠಿ, ತೆಲುಗು ಬೆರೆತ ಕಲಬುರಗಿಯಲ್ಲಂತೂ ಆಗುವುದೇ ಇಲ್ಲ. ನಿಜವಾದ ತೊಂದರೆ ನಮ್ಮಲ್ಲಿ ಮೊದಲೇ ಇದ್ದ, ದೂರವಿಡುವ ಪದ್ಧತಿಗಳ ಜೊತೆ ಅದು ಬೆಸೆದುಕೊಂಡದ್ದು. ಇವುಗಳಲ್ಲಿ ಹಿತವಾದದ್ದೂ ಇತ್ತು. ಮನೆಯಲ್ಲಿ ಸಿಡುಬು ಕಾಣಿಸಿ ‘ತಾಯಿ ಬಂದಾಳ’ ಎಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ನೆರೆಯವರು ಒಳಗೆ ಬರುತ್ತಿರಲಿಲ್ಲ, ರೋಗಿಯನ್ನು ಹಳಿಯುತ್ತಲೂ ಇರಲಿಲ್ಲ. ಸೂತಕ, ಮೈಲಿಗೆ, ಮುಟ್ಟು ಹಾಗಲ್ಲ. ಅಲ್ಲಿ ಮನುಷ್ಯನ ಹುಟ್ಟು, ದೇಹ, ಜಾತಿಯೇ ದೋಷ. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣ ನಾಡಿನ ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ ನಿರಾಕರಿಸಿದ್ದು ಈ ದೋಷಾರೋಪಣೆಯನ್ನೇ. ಆ ತಿರಸ್ಕಾರದ ನೆನಪಿರುವ ನೆಲದಲ್ಲಿ ಮುಂಬೈಯಿಂದ ಬಂದ ಬಡವನನ್ನು, ಹದಿನಾಲ್ಕು ದಿನ ಮುಗಿಸಿ ಮನೆಗೆ ಹೋದ ಮೇಲೂ, ‘ಕ್ವಾರಂಟೈನ್ ಮಂದಿ’ ಎಂದು ಕರೆದದ್ದು ಹೊಸ ಪದಕ್ಕೆ ಹಳೆಯ ಸೂತಕವನ್ನು ಹೊದಿಸಿದ್ದು. ಇಲ್ಲಿ ವೈದ್ಯಕೀಯ ಅರ್ಥವೇ ಹೆಚ್ಚು ಉದಾರವಾದದ್ದು. ಅದರ ಪ್ರಕಾರ ದಿನ ತುಂಬಿದ ಮೇಲೆ, ಲಕ್ಷಣ ಬಾರದ ಆ ವ್ಯಕ್ತಿ ಉಳಿದ ಯಾರಿಗಿಂತಲೂ ಹೆಚ್ಚು ಅಪಾಯಕಾರಿಯಲ್ಲ.

ಮೂರನೆಯದು ನಿರಾಶೆಯ ಮಾತು: ಇಷ್ಟೆಲ್ಲ ಮಾಡಿಯೂ ಸೋಂಕು ಹರಡಲಿಲ್ಲವೆ, ಕೊನೆಗೆ ಸರ್ಕಾರವೇ ಕೈಬಿಡಲಿಲ್ಲವೆ? ನಿಜ. 2020ರ ಆಗಸ್ಟ್ 24ರಂದು ಕರ್ನಾಟಕ ಹೊರರಾಜ್ಯದಿಂದ ಬರುವವರ ನೋಂದಣಿ, ಕೈಮುದ್ರೆ, ಕ್ವಾರಂಟೈನ್ ಎಲ್ಲವನ್ನೂ ರದ್ದುಮಾಡಿತು. ಆದರೆ ಅದರಿಂದ ಕ್ರಮ ನಿಷ್ಫಲವೆಂದು ಹೇಳಲು ಬಾರದು. ಕ್ವಾರಂಟೈನ್ ಮೊದಲ ಹಂತದ ಉಪಾಯ. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಹೇಳಬಲ್ಲ ತನಕ ಮಾತ್ರ ಅದಕ್ಕೆ ಹರಿತ. ಊರಿನೊಳಗೇ ಸೋಂಕು ಬೇರುಬಿಟ್ಟ ಮೇಲೆ ಪ್ರಯಾಣಿಕನನ್ನು ಮಾತ್ರ ತಡೆಯುವುದಕ್ಕೆ ಅರ್ಥವಿಲ್ಲ. ಅಲ್ಲಿಂದ ಮುಂದೆ ಕೆಲಸಕ್ಕೆ ಬರುವುದು ಪರೀಕ್ಷೆ, ಚಿಕಿತ್ಸೆ, ಲಸಿಕೆ. ಆರಂಭದ ಕೆಲವು ವಾರಗಳನ್ನು ಗಳಿಸಿಕೊಡುವುದಷ್ಟೇ ಅದರ ಸಾಮರ್ಥ್ಯ, ಆ ವಾರಗಳ ಬೆಲೆ ಕಲಬುರಗಿಗೆ ಚೆನ್ನಾಗಿ ಗೊತ್ತು. ಮಾರ್ಚ್ ಎರಡನೆಯ ವಾರದಲ್ಲಿ ಮಾದರಿಯನ್ನು ಬೆಂಗಳೂರಿಗೆ ಕಳಿಸಿ ವರದಿಗಾಗಿ ಕಾಯಬೇಕಿದ್ದ ನಗರಕ್ಕೆ, ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್‌ನಲ್ಲೇ ಪರೀಕ್ಷೆ ಶುರುವಾಗಿ ಇಎಸ್‌ಐ ಆಸ್ಪತ್ರೆಯಲ್ಲಿ ಹಾಸಿಗೆ ಸಿದ್ಧವಾಗಲು ಬೇಕಾದದ್ದು ಇಂಥ ಬಿಡುವೇ.

ಉಳಿದಿರುವುದು ಋಣದ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಅದು. ಐಸೊಲೇಷನ್‌ನಲ್ಲಿರುವವನಿಗೆ ತನ್ನ ಕಾಯಿಲೆಗೇ ಆರೈಕೆ ಸಿಗುತ್ತದೆ. ಕ್ವಾರಂಟೈನಿನಲ್ಲಿರುವವನ ದಿನಗಳ ಲಾಭವೆಲ್ಲ ಹೊರಗಿನವರದು. ದಿನಗೂಲಿಯವನಿಗೆ ಆ ಹದಿನಾಲ್ಕು ದಿನ ಎಂದರೆ ಅರ್ಧ ತಿಂಗಳ ಸಂಬಳ. ಲಾಕ್‌ಡೌನಿನ ಅವಧಿಗೆ ಕೂಲಿ ಕಡಿತ ಮಾಡಬಾರದೆಂದು 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಹೊರಡಿಸಿದ್ದ ಆದೇಶ ಮೇ ಮಧ್ಯದಲ್ಲಿ, ಅಂದರೆ ರೈಲುಗಳು ಕಲಬುರಗಿಗೆ ಜನರನ್ನು ತಂದಿಳಿಸುತ್ತಿದ್ದ ದಿನಗಳಲ್ಲೇ, ಹಿಂತೆಗೆಯಲ್ಪಟ್ಟಿತು. ಮೇಸ್ತ್ರಿಯ ಕೈಕೆಳಗೆ ದುಡಿದವರಿಗೆ ಅದಕ್ಕೆ ಮೊದಲೂ ಅದರಿಂದ ಹೆಚ್ಚೇನೂ ದಕ್ಕಿರಲಿಲ್ಲ. ನಿಯಮ ಮುರಿದವನಿಗೆ ಏನಾಗಬೇಕೆಂದು ಕಾನೂನು ವಿವರವಾಗಿ ಹೇಳುತ್ತದೆ. ನಿಯಮ ಪಾಲಿಸಿದವನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕೆಂಬುದರ ಬಗ್ಗೆ 1897ರ ಕಾಯ್ದೆಯಲ್ಲಿ ಇರುವುದು ಒಂದೇ ಸುಳಿವು. ತೆಗೆದುಕೊಂಡ ಕ್ರಮಗಳ ಖರ್ಚನ್ನು, ಪರಿಹಾರ ಕೊಡುವುದಿದ್ದರೆ ಅದನ್ನೂ ಒಳಗೊಂಡಂತೆ, ಯಾರು, ಹೇಗೆ ಭರಿಸಬೇಕೆಂದು ಸರ್ಕಾರ ನಿರ್ಧರಿಸಬಹುದು ಎಂದು ಅದರ ಎರಡನೆಯ ಕಲಂ ಹೇಳುತ್ತದೆ. ವಸಾಹತು ಸರ್ಕಾರ ಬರೆದ ಆ ಸಾಲಿನಲ್ಲಿ ಪರಿಹಾರದ ಮಾತು ಇದೆ, ಹಕ್ಕಾಗಿ ಅಲ್ಲ, ಸಾಧ್ಯತೆಯಾಗಿ. ಮುಂದಿನ ಸೋಂಕು ಬರುವ ಮುನ್ನ ಕರ್ನಾಟಕ ತನ್ನ ನಿಯಮಾವಳಿಯಲ್ಲಿ ಆ ಸಾಧ್ಯತೆಯನ್ನು ಹಕ್ಕಾಗಿ ಬರೆಯಬೇಕು: ಕ್ವಾರಂಟೈನಿಗೆ ಒಳಪಟ್ಟ ಪ್ರತಿ ದಿನಕ್ಕೆ ಉದ್ಯೋಗ ಖಾತರಿಯ ಕೂಲಿಗೆ ಕಡಿಮೆಯಿಲ್ಲದ ಹಣ, ಮೊದಲ ದಿನ ಮತ್ತು ಬಿಡುಗಡೆಯ ದಿನ ಬರೆದ ಚೀಟಿ, ಗುಂಪು ಬೆರೆಯದಂಥ ಕೋಣೆ. ಕಮಲಾಪುರದಂಥ ತಾಲ್ಲೂಕಿನಲ್ಲಿ ಯಾವ ಶಾಲೆ, ಯಾವ ಹಾಸ್ಟೆಲಿನಲ್ಲಿ ಎಷ್ಟು ಕೋಣೆ, ಎಷ್ಟು ನಲ್ಲಿ, ಎಷ್ಟು ಶೌಚಾಲಯ ಇವೆ ಎಂಬ ಪಟ್ಟಿಯನ್ನು ಕಾಯಿಲೆ ಇಲ್ಲದ ವರ್ಷಗಳಲ್ಲೇ ತಯಾರಿಸಿಡಲು ತಹಸೀಲ್ ಕಚೇರಿಗೆ ಹೊಸ ಕಾನೂನಿನ ಅಗತ್ಯವೂ ಇಲ್ಲ.